ಅಧ್ಯಕ್ಷೆಯ ಫೋನು ಯಾರ ಜೇಬಿನಲ್ಲಿತ್ತು?

ಜಿಲ್ಲಾ ಪಂಚಾಯಿತಿಯಲ್ಲಿ ಪ್ರಥಮ ದರ್ಜೆ ಸಹಾಯಕನಾಗಿದ್ದ ನಾನು ಬೇರೆ ಬೇರೆ ಅವಧಿಯಲ್ಲಿ ನಾಲ್ಕು ಅಧ್ಯಕ್ಷರಿಗೆ ಆಪ್ತ ಸಹಾಯಕನಾಗಿ ಕೆಲಸ ಮಾಡಿದೆ. ಅವರಲ್ಲಿ ಮೂವರು ಹೆಂಗಸರು. ಇಲ್ಲಿ ಬರೆಯುತ್ತಿರುವುದು ಆ ಮೂವರಲ್ಲಿ ಒಬ್ಬರ ವಿಷಯ. ಜಿಲ್ಲೆಯಲ್ಲಿ ಶುರುವಾಗಿ ರಾಜ್ಯದ ಬಾಗಿಲು ತಟ್ಟಿ, ಲೋಕಸಭೆ ಚುನಾವಣೆಯವರೆಗೂ ಹೋದ ದಾರಿ ಅವರದು. ಅವರಿಂದ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಜಿಲ್ಲೆ, ಪಕ್ಷ, ಜಾತಿ, ಇಸವಿ ಯಾವುದನ್ನೂ ಹೇಳುವುದಿಲ್ಲ. ಒಂದೆರಡು ಘಟನೆಗಳನ್ನು ಹಿಂದೆ ಮುಂದೆ ಮಾಡಿದ್ದೇನೆ. ಯಾರೆಂದು ಊಹಿಸಲು ಕೂರಬೇಡಿ, ಸಿಗುವುದಿಲ್ಲ. ಇಲ್ಲಿ ಅವರನ್ನು ಮೇಡಂ ಎಂದೇ ಕರೆಯುತ್ತೇನೆ. ಆಗಲೂ ಹಾಗೇ ಕರೆಯುತ್ತಿದ್ದೆ.

ಹಿನ್ನೆಲೆ

ಕರ್ನಾಟಕದಲ್ಲಿ ಪಂಚಾಯಿತಿಯೊಳಗೆ ಹೆಂಗಸರ ಪ್ರವೇಶ ದೇಶದ ಕಾನೂನಿಗಿಂತ ಮೊದಲೇ ಆಗಿತ್ತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಸಚಿವ. ಆ ಕಾಲದ 1983ರ ಕಾಯ್ದೆಯಲ್ಲಿ ಶೇ. 25ರಷ್ಟು ಸ್ಥಾನ ಮಹಿಳೆಯರಿಗೆ ಇತ್ತು. ಅದರಂತೆ 1987ರಲ್ಲಿ ಚುನಾವಣೆಯೂ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿ ಬಂದು ಇಡೀ ದೇಶಕ್ಕೆ ಮೂರನೇ ಒಂದು ಪಾಲು ಎಂದಾದದ್ದು 1993ರಲ್ಲಿ. ನಮ್ಮಲ್ಲಿ 2010ಕ್ಕೆ ಅದು ಶೇ. 50 ಆಯಿತು. ಕಾಗದದ ಮೇಲೆ ಇದು ಚೆನ್ನಾಗಿದೆ. ಕುರ್ಚಿಯ ಹತ್ತಿರ ಹೋದರೆ ಬೇರೆ ಕತೆ.

ಮೇಡಂ ಪಿಯುಸಿ ಓದಿದವರು. ಮದುವೆಯಾಗಿ ಬಂದ ಊರಲ್ಲಿ ಹೊಲಿಗೆ ಕಲಿಸುತ್ತಿದ್ದರು. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತಿದ್ದರು. ಯಜಮಾನರು ಗುತ್ತಿಗೆದಾರರು. ರಸ್ತೆ, ಚರಂಡಿ, ಶಾಲೆ ಕೋಣೆ, ಇಂಥವೇ ಕೆಲಸ. ಅವರಿಗೆ ಜಿಲ್ಲಾ ಪಂಚಾಯಿತಿಗೆ ನಿಲ್ಲುವ ಆಸೆ ಎಷ್ಟೋ ವರ್ಷದಿಂದ ಇತ್ತು. ಆ ಸಲ ಕ್ಷೇತ್ರ ಮಹಿಳೆಗೆ ಮೀಸಲಾಯಿತು. ‘ಸರಿ, ಇವಳನ್ನು ನಿಲ್ಲಿಸೋಣ’ ಎಂದರು. ಈ ‘ನಿಲ್ಲಿಸೋಣ’ ಎಂಬ ಮಾತನ್ನು ನಾನು ನನ್ನ ನೌಕರಿಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಗಂಡಸು ನಿಲ್ಲುತ್ತಾನೆ, ಹೆಂಗಸನ್ನು ನಿಲ್ಲಿಸುತ್ತಾರೆ.

ಗೆದ್ದರು. ಆಮೇಲೆ ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಬಂತು. ಅದು ಬಂದ ವರ್ಗಕ್ಕೆ ಸೇರಿದ ಹೆಂಗಸರು ಗೆದ್ದ ಪಕ್ಷದಲ್ಲಿ ಇದ್ದದ್ದು ಇಬ್ಬರೇ. ಒಬ್ಬರು ಮೇಡಂ. ಇನ್ನೊಬ್ಬರು ಪಕ್ಕದ ತಾಲ್ಲೂಕಿನವರು, ವಯಸ್ಸಿನಲ್ಲಿ ಹಿರಿಯರು, ಎರಡನೇ ಸಲ ಗೆದ್ದವರು. ಸದಸ್ಯರನ್ನೆಲ್ಲ ರೆಸಾರ್ಟಿಗೆ ಕರೆದುಕೊಂಡು ಹೋದರು. ಮೂರು ದಿನ ಕಳೆದು ಬಸ್ಸಿನಲ್ಲಿ ನೇರ ಸಭಾಂಗಣಕ್ಕೇ ತಂದು ಇಳಿಸಿದರು. ಪ್ರಾದೇಶಿಕ ಆಯುಕ್ತರ ಮುಂದೆ ಕೈ ಎತ್ತಿಸಿದರು. ಮೇಡಂ ಅಧ್ಯಕ್ಷೆಯಾದರು. ಆಗ ಆ ಹುದ್ದೆಯ ಅವಧಿ 20 ತಿಂಗಳು. ಅದು ಐದು ವರ್ಷವಾದದ್ದು 2016ರ ಚುನಾವಣೆಯ ಹೊತ್ತಿಗೆ.

ರೆಸಾರ್ಟಿನಲ್ಲಿ ಏನು ಮಾತಾಯಿತು ಎಂದು ಮೇಡಂಗೆ ಗೊತ್ತಿರಲಿಲ್ಲ. ಹೆಂಗಸರನ್ನು ಬೇರೆ ಕೋಣೆಗಳಲ್ಲಿ ಇಟ್ಟಿದ್ದರು.

ಸಮಸ್ಯೆ

ಮೊದಲ ದಿನವೇ ಕೊಠಡಿಯಲ್ಲಿ ಅಧ್ಯಕ್ಷೆಯ ಕುರ್ಚಿ ಪಕ್ಕಕ್ಕೆ ಇನ್ನೊಂದು ಕುರ್ಚಿ ಬಂತು. ಯಾರು ತಂದಿಟ್ಟರು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಯಜಮಾನರು ಅಲ್ಲಿ ಕೂತರು. ಕೆಟ್ಟ ಮನುಷ್ಯ ಅಂತ ಹೇಳಲಾರೆ. ನಗುನಗುತ್ತಾ ಮಾತಾಡುವವರು. ಬಂದವರಿಗೆಲ್ಲ ಕಾಫಿ ಕೊಡಿಸುವವರು. ಫೈಲು ಬಂದರೆ ಮೊದಲು ಅವರು ಓದಿ, ‘ಇಲ್ಲಿ ಮಾಡು’ ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಮೇಡಂ ಸಹಿ ಮಾಡುತ್ತಿದ್ದರು.

ಕುರ್ಚಿ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಕಾಣದ್ದು ಇನ್ನೊಂದಿತ್ತು, ಫೋನು. ಜಿಲ್ಲಾ ಪಂಚಾಯಿತಿ ಡೈರಿಯಲ್ಲಿ ಅಧ್ಯಕ್ಷರ ಹೆಸರಿನ ಮುಂದೆ ಅಚ್ಚಾಗಿದ್ದ ನಂಬರು ಯಜಮಾನರದು. ಊರೂರಿನ ಬ್ಯಾನರಿನಲ್ಲಿ ಇದ್ದದ್ದೂ ಅದೇ. ಪಕ್ಷದ ಕಚೇರಿಯವರ ಹತ್ತಿರ ಇದ್ದದ್ದೂ ಅದೇ. ಯಾರೂ ಮೋಸ ಮಾಡಬೇಕೆಂದು ಹಾಗೆ ಮಾಡಿದ್ದಲ್ಲ. ಚುನಾವಣೆ ಹೊತ್ತಿನಲ್ಲಿ ಮೇಡಂಗೆ ಫೋನೇ ಇರಲಿಲ್ಲ. ಹಾಗಾಗಿ ಮನೆಯವರ ನಂಬರು ಕೊಟ್ಟರು. ಅದೇ ಉಳಿಯಿತು.

ಇದರ ಬಿಸಿ ತಟ್ಟಿದ್ದು ಬೇಸಿಗೆಯಲ್ಲಿ. ಮೂರನೆಯದೋ ನಾಲ್ಕನೆಯದೋ ಸಾಮಾನ್ಯ ಸಭೆ. ಗೇಟಿನ ಹತ್ತಿರ ಖಾಲಿ ಕೊಡ ಹಿಡಿದು ಹೆಂಗಸರು ಕೂತಿದ್ದರು. ಹನ್ನೊಂದು ದಿನದಿಂದ ಊರಿಗೆ ನೀರಿಲ್ಲ. ಮೇಡಂ ಕಾರಿಂದ ಇಳಿದು ಅವರ ಹತ್ತಿರ ಹೋದರು.

“ನನಗೊಂದು ಮಾತು ಹೇಳಬಾರದಿತ್ತಾ?”

ಒಬ್ಬ ವಯಸ್ಸಾದ ಹೆಂಗಸು ಕೊಡ ಕೆಳಗಿಟ್ಟಳು. “ಮೂರು ಸಲ ಫೋನ್ ಮಾಡಿಸಿದ್ನಲ್ಲಕ್ಕ. ನೋಡೋಣ ನೋಡೋಣ ಅಂದ್ರಿ.”

ಅಂದವರು ಯಾರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಮೇಡಂ ಮುಖ ಕೆಂಪಾಯಿತು. ‘ಅದು ನಾನಲ್ಲ’ ಎಂದು ಹೇಳುವ ಹಾಗಿಲ್ಲ. ಹೇಳಿದರೆ ಮನೆ ಮರ್ಯಾದೆ, ಹೇಳದಿದ್ದರೆ ತನ್ನ ಮರ್ಯಾದೆ. ಸುಮ್ನೆ ನಿಂತರು. ಆಮೇಲೆ ಕುಡಿಯುವ ನೀರಿನ ವಿಭಾಗದ ಎಂಜಿನಿಯರನ್ನು ಅಲ್ಲಿಗೇ ಕರೆಸಿದರು. ಸಂಜೆಯೊಳಗೆ ಟ್ಯಾಂಕರ್ ಹೋಯಿತು.

ಮಾಡಿ ನೋಡಿದ್ದು

ಮಾರನೇ ದಿನ ಎರಡನೇ ಕುರ್ಚಿ ಇರಲಿಲ್ಲ. ಅದಕ್ಕೆ ಅರ್ಧ ಕಾರಣ ಮೇಡಂ, ಇನ್ನರ್ಧ ಆಗಿನ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ. ಅವರು ಖಾರವಾಗಿ ಏನೂ ಹೇಳಲಿಲ್ಲ. ಪರಿಶೀಲನಾ ಸಭೆ ಶುರುವಾಗುವ ಮುಂಚೆ, ‘ಸಭೆಗೆ ಸಂಬಂಧಪಟ್ಟವರು ಮಾತ್ರ ಇರಲಿ’ ಎಂದು ಫೈಲು ಮುಚ್ಚಿ ಕೂತುಬಿಟ್ಟರು. ಐದು ನಿಮಿಷ ಯಾರೂ ಮಾತಾಡಲಿಲ್ಲ. ಯಜಮಾನರು ಎದ್ದು ಹೋದರು. ಐದು ನಿಮಿಷದ ಮೌನಕ್ಕೆ ಸುತ್ತೋಲೆಗಿಂತ ಜಾಸ್ತಿ ಶಕ್ತಿ ಇದೆ ಎಂದು ನನಗೆ ಅವತ್ತು ಅನ್ನಿಸಿತು.

ಆಮೇಲೆ ಮೇಡಂ ಕಲಿಯಲು ಕೂತರು. ಮಧ್ಯಾಹ್ನ ಎರಡರಿಂದ ಮೂರು, ಬಾಗಿಲು ಹಾಕಿ. ಕ್ರಿಯಾ ಯೋಜನೆ ಎಂದರೇನು, ಅಂದಾಜು ಪಟ್ಟಿಯನ್ನು ಹೇಗೆ ಓದಬೇಕು, ಅಳತೆ ಪುಸ್ತಕದಲ್ಲಿ ಏನು ಬರೆಯುತ್ತಾರೆ, ಯಾವ ಲೆಕ್ಕ ಶೀರ್ಷಿಕೆಯ ದುಡ್ಡು ಯಾವುದಕ್ಕೆ ಖರ್ಚಾಗಬೇಕು. ಐದು ಸ್ಥಾಯಿ ಸಮಿತಿಗಳಲ್ಲಿ ಯಾವುದಕ್ಕೆ ಏನು ಅಧಿಕಾರ. ನನಗೆ ಗೊತ್ತಿದ್ದಷ್ಟು ನಾನು ಹೇಳಿದೆ. ಉಳಿದದ್ದನ್ನು ಲೆಕ್ಕಾಧಿಕಾರಿಗಳು ಹೇಳಿಕೊಟ್ಟರು. ಸಂಘದ ಲೆಕ್ಕ ಬರೆದವರಲ್ವಾ, ಅಂಕಿಗೆ ಹೆದರುವವರಲ್ಲ. ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಂಡರು. ಎಡಗಡೆ ಪುಟದಲ್ಲಿ ಊರು ಮತ್ತು ದೂರು. ಬಲಗಡೆ ಯಾರಿಗೆ ಹೇಳಿದೆ, ಯಾವತ್ತು, ಏನಾಯಿತು.

ಎರಡು ತಿಂಗಳಲ್ಲಿ ಆ ನೋಟ್‌ಬುಕ್ಕೇ ಒಂದು ಸಂಗತಿ ಹೊರಹಾಕಿತು. ಒಂದೇ ಕೊಳವೆಬಾವಿ. ಎರಡು ಯೋಜನೆಗಳಲ್ಲಿ ದುರಸ್ತಿ ಬಿಲ್ಲು. ಮೇಡಂ ಎಂಜಿನಿಯರನ್ನು ಕರೆದು ಕೇಳಿದರು. ಅವರು ನೋಡಿ ಹೇಳುತ್ತೇನೆ ಎಂದು ಹೊರಗೆ ಹೋಗಿ ಯಜಮಾನರಿಗೆ ಫೋನು ಮಾಡಿದರು. ಗುತ್ತಿಗೆದಾರ ಯಜಮಾನರ ಪರಿಚಯದವನೇ. ರಾತ್ರಿ ಮನೆಯಲ್ಲಿ ದೊಡ್ಡ ಗಲಾಟೆ ಆಯಿತಂತೆ. ಬೆಳಗ್ಗೆ ಮೇಡಂ ಬಂದವರೇ, “ಎರಡನೇ ಬಿಲ್ಲು ತಡೆಯಿರಿ ಅಂತ ಟಿಪ್ಪಣಿ ಬರೀರಿ, ಸಹಿ ಮಾಡ್ತೀನಿ” ಎಂದರು. ಬರೆದೆ. ತಡೆದರು.

ಇಲ್ಲಿ ಒಂದು ತಪ್ಪೂ ಆಯಿತು. ಆಗ ಅದು ತಪ್ಪು ಎಂದು ನಮಗೆ ಯಾರಿಗೂ ಅನ್ನಿಸಲಿಲ್ಲ. ಮೇಡಂ ಒಂದು ಹೊಸ ಸಿಮ್ ತಗೊಂಡರು. ಆ ನಂಬರನ್ನು ಅಧಿಕಾರಿಗಳಿಗೆ, ನನಗೆ, ಡ್ರೈವರಿಗೆ, ಸ್ತ್ರೀಶಕ್ತಿ ಸಂಘದ ನಾಲ್ಕೈದು ಜನಕ್ಕೆ ಕೊಟ್ಟರು. ಹಳೇ ನಂಬರು ಯಜಮಾನರ ಜೇಬಿನಲ್ಲೇ ಉಳಿಯಿತು. ಡೈರಿ ತಿದ್ದಲಿಲ್ಲ, ಬ್ಯಾನರು ಬದಲಿಸಲಿಲ್ಲ. ‘ಅವರಿಗೂ ಒಂದು ಗೌರವ ಬೇಡ್ವಾ’ ಎಂದರು ಮೇಡಂ. ನನಗೂ ಸರಿ ಅನ್ನಿಸಿತು. ಮನೆಯಲ್ಲಿ ದಿನಾ ಜಗಳ ಆಡಿಕೊಂಡು ಯಾರಿಗೆ ಆಡಳಿತ ಮಾಡಲು ಆಗುತ್ತದೆ?

ಹೀಗೆ ಕೆಲಸ ಎರಡು ಭಾಗವಾಯಿತು. ಫೈಲು ಮೇಡಂ ಹತ್ತಿರ. ಕಾರ್ಯಕರ್ತರು, ಶಾಸಕರು, ಪಕ್ಷ, ಗುತ್ತಿಗೆದಾರರು, ಮದುವೆ, ತಿಥಿ, ಗಣೇಶನ ಚಂದಾ ಎಲ್ಲ ಯಜಮಾನರ ಹತ್ತಿರ. ಆಡಳಿತ ಹೆಂಡತಿಗೆ, ರಾಜಕೀಯ ಗಂಡನಿಗೆ.

ಹತ್ತನೇ ತಿಂಗಳು

ಒಂದು ರಾತ್ರಿ ಯಜಮಾನರು ಟೈಪು ಮಾಡಿಸಿದ ಒಂದು ಹಾಳೆ ತಂದರು. ರಾಜೀನಾಮೆ ಪತ್ರ. ಆಗ ಗೊತ್ತಾಯಿತು, ರೆಸಾರ್ಟಿನಲ್ಲಿ ಆಗಿದ್ದ ಒಪ್ಪಂದ ಏನೆಂದು. ಹತ್ತು ತಿಂಗಳು ಇವರು, ಹತ್ತು ತಿಂಗಳು ಆ ಇನ್ನೊಬ್ಬ ಸದಸ್ಯೆ. ಮಾತುಕತೆ ಆಗಿದ್ದು ಇಬ್ಬರು ಗಂಡಂದಿರು ಮತ್ತು ಇಬ್ಬರು ನಾಯಕರ ನಡುವೆ. ಆಮೇಲೆ ನೆನಪಿಸಿದ್ದೂ ಆ ಹಳೇ ನಂಬರಿಗೇ. ಮೇಡಂ ಆ ರಾತ್ರಿ ಸಹಿ ಮಾಡಿದರು. ಬೆಳಗ್ಗೆ ಪತ್ರ ಹೋಯಿತು. ಪತ್ರಿಕೆಯಲ್ಲೂ ಬಂತು.

ಮೂರನೇ ದಿನ ನನ್ನನ್ನು ಕೇಳಿದರು. “ಕೊಟ್ಟ ಮೇಲೆ ವಾಪಸ್ ತಗೊಳ್ಳೋಕೆ ಆಗಲ್ವಾ?”

ಆಗುತ್ತದೆ. ರಾಜೀನಾಮೆ ಕೊಟ್ಟ ಕೂಡಲೇ ಅದು ಜಾರಿಗೆ ಬರುವುದಿಲ್ಲ. ವಾಪಸ್ ಪಡೆಯಲು ಪಂಚಾಯತ್ ರಾಜ್ ಕಾಯ್ದೆಯಲ್ಲೇ ಕೆಲವು ದಿನ ಬಿಟ್ಟಿದ್ದಾರೆ. ನಾನು ಪುಸ್ತಕ ತೆಗೆದು ಕಲಂ ತೋರಿಸಿದೆ. ಅದನ್ನು ತೋರಿಸುವುದು ನನ್ನ ಕೆಲಸವೋ ಅಲ್ಲವೋ ಎಂದು ಇವತ್ತಿಗೂ ಯೋಚಿಸುತ್ತೇನೆ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟೆ, ಅಷ್ಟೇ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ.

ವಾಪಸ್ ಪಡೆಯುವ ಗಡುವಿಗೆ ಎರಡು ದಿನ ಇರುವಾಗ ಮೇಡಂ ರಾಜೀನಾಮೆ ವಾಪಸ್ ಪಡೆದರು. ಯಜಮಾನರಿಗೆ ಹೇಳಲಿಲ್ಲ. ಪಕ್ಷಕ್ಕೆ ಹೇಳಲಿಲ್ಲ. ತಾವೇ ಬರೆದ ಮೂರು ಸಾಲು. ಜಿಲ್ಲೆಯಲ್ಲಿ ಭೂಕಂಪ ಆದ ಹಾಗಾಯಿತು. ಅವಿಶ್ವಾಸ ತರುತ್ತೇವೆ ಎಂದು ಒಂದಷ್ಟು ಜನ ಓಡಾಡಿದರು, ತಲೆಗಳು ಕೂಡಲಿಲ್ಲ. ಉಳಿದ ಹತ್ತು ತಿಂಗಳು ಮೇಡಂ ಕುರ್ಚಿಯಲ್ಲೇ ಇದ್ದರು. ಜಿಲ್ಲೆಯ ಕುಡಿಯುವ ನೀರಿನ ದೂರುಗಳನ್ನು ಅಷ್ಟು ಅಚ್ಚುಕಟ್ಟಾಗಿ ಬೆನ್ನು ಹತ್ತಿದ ಅಧ್ಯಕ್ಷರನ್ನು ನಾನು ಮತ್ತೆ ನೋಡಲಿಲ್ಲ.

ಈ ನಿರ್ಧಾರದ ಬಗ್ಗೆ ನನ್ನ ಅಭಿಪ್ರಾಯ ಎರಡು ಕಡೆಗೂ ವಾಲುತ್ತದೆ. ತನಗೆ ಗೊತ್ತೇ ಇಲ್ಲದ ಮಾತಿಗೆ ಮೇಡಂ ಯಾಕೆ ಕಟ್ಟುಬೀಳಬೇಕು? ಕಾಯ್ದೆ ಕೊಟ್ಟದ್ದು 20 ತಿಂಗಳು. ಇದು ಒಂದು ಕಡೆ. ಇನ್ನೊಂದು ಕಡೆ, ಕಾಯುತ್ತಿದ್ದದ್ದೂ ಒಬ್ಬ ಹೆಂಗಸೇ. ಎರಡು ಸಲ ಗೆದ್ದು, ಒಮ್ಮೆಯೂ ಕುರ್ಚಿ ಕಾಣದವರು. ಅವರಿಗೂ ಮಾತು ಕೊಟ್ಟವರು ಗಂಡಸರೇ, ಮುರಿದಾಗ ಬೈಸಿಕೊಂಡವರು ಮಾತ್ರ ಮೇಡಂ. ಒಮ್ಮೆ ಆ ಹಿರಿಯರ ಮನೆಗೆ ಹೋಗಿ, ‘ಅಕ್ಕಾ, ಈ ಒಪ್ಪಂದ ನನಗೆ ಗೊತ್ತಿರಲಿಲ್ಲ, ಏನು ಮಾಡೋಣ ಹೇಳಿ’ ಎಂದು ಕೇಳಿದ್ದರೆ? ಏನಾಗುತ್ತಿತ್ತೋ. ಹೋಗಲಿಲ್ಲ. ಆ ಹಿರಿಯರು ಜಿಲ್ಲೆಯಲ್ಲಿ ಮೇಡಂಗೆ ಜೊತೆಯಾಗಬಹುದಾಗಿದ್ದ ಒಬ್ಬರೇ ಒಬ್ಬರು. ಆ ದಿನದಿಂದ ಎದುರಾಳಿಯಾದರು. ‘ಮಾತಿಗೆ ತಪ್ಪಿದವಳು’ ಎಂಬ ಹೆಸರು ಅವರ ತಾಲ್ಲೂಕಿನಿಂದಲೇ ಹರಡಿತು.

ಮೇಲಿನ ಬಾಗಿಲು

ಅವಧಿ ಮುಗಿಯಿತು. ಮುಂದಿನ ಸಲ ಸುತ್ತು ಮೀಸಲಾತಿಯಲ್ಲಿ ಮೇಡಂ ಕ್ಷೇತ್ರ ಬೇರೆ ವರ್ಗಕ್ಕೆ ಹೋಯಿತು. ಇದು ಯಾರ ಪಿತೂರಿಯೂ ಅಲ್ಲ, ಪದ್ಧತಿಯೇ ಹಾಗಿದೆ. ಆದರೆ ಅದರ ಪರಿಣಾಮ ನೋಡಿ. ಒಬ್ಬ ಹೆಂಗಸು ಕೆಲಸ ಕಲಿಯಲು ವರ್ಷ ಬೇಕು. ಕಲಿತು ಕೈ ಕುದುರುವ ಹೊತ್ತಿಗೆ ಕ್ಷೇತ್ರವೇ ಇರುವುದಿಲ್ಲ. ಉಳಿಯುವುದು ಮೇಲಿನ ಮೆಟ್ಟಿಲು, ವಿಧಾನಸಭೆ. ಅಲ್ಲಿ ಹೆಂಗಸರಿಗೆಂದು ಮೀಸಲಾತಿ ಇರಲಿಲ್ಲ. ಪಂಚಾಯಿತಿಯಲ್ಲಿ ಅರ್ಧಕ್ಕರ್ಧ ಹೆಂಗಸರಿರುವ ಇದೇ ರಾಜ್ಯದಲ್ಲಿ 2023ರಲ್ಲಿ 224 ಸ್ಥಾನಗಳಿಗೆ ಗೆದ್ದ ಹೆಂಗಸರು 10. ಅದಕ್ಕೂ ಹಿಂದಿನ ಸಲ, 2018ರಲ್ಲಿ, 7.

ಮೇಡಂ ಟಿಕೆಟ್ ಕೇಳಿದರು. ಪಕ್ಷದವರು ಕೇಳಿದ ಮೊದಲ ಪ್ರಶ್ನೆ, ‘ಬೂತ್ ಮಟ್ಟದಲ್ಲಿ ನಿಮ್ಮವರು ಎಷ್ಟು ಜನ?’ ಮೇಡಂ ನೋಟ್‌ಬುಕ್ಕುಗಳನ್ನು ತಗೊಂಡು ಹೋಗಿದ್ದರು. ಆರು ನೋಟ್‌ಬುಕ್ಕು. ಯಾವ ಊರಿಗೆ ಯಾವ ಕೆಲಸ ಆಯಿತು ಎಂಬುದೆಲ್ಲ ಅದರಲ್ಲಿತ್ತು. ಅದನ್ನು ಯಾರೂ ತೆರೆಯಲಿಲ್ಲ. ಬೂತಿನವರ ಹೆಸರು, ನಂಬರು ಎಲ್ಲ ಯಜಮಾನರ ಫೋನಿನಲ್ಲಿದ್ದವು. ನಾಯಕರಿಗೆ ಅದು ಗೊತ್ತಿತ್ತು. ಒಬ್ಬರು ನೇರವಾಗಿಯೇ ಹೇಳಿದರಂತೆ, “ಟಿಕೆಟ್ ಕೊಡೋದಾದ್ರೆ ನಿಮ್ಮ ಮನೆಯವರಿಗೇ ಕೊಡಬಹುದಲ್ಲಮ್ಮ?”

ಕೊನೆಗೆ ಇಬ್ಬರಿಗೂ ಕೊಡಲಿಲ್ಲ. ದುಡ್ಡಿದ್ದ ಮೂರನೆಯವರಿಗೆ ಕೊಟ್ಟರು. ಅದು ಬೇರೆ ಮಾತು.

ನನಗೆ ಇಡೀ ಪ್ರಕರಣದಲ್ಲಿ ಎದ್ದು ಕಾಣುವುದು ಇದೇ ಜಾಗ. ಮೇಡಂ 20 ತಿಂಗಳು ಮಾಡಿದ ಕೆಲಸದ ಲಾಭ ಜನರಿಗೆ ಸಿಕ್ಕಿತು. ಅದರ ಕೃತಜ್ಞತೆ ಮಾತ್ರ ಫೋನು ಎತ್ತಿದವರ ಖಾತೆಗೆ ಹೋಗಿತ್ತು. ನೀರು ಬಂದ ಊರಿನವರು ಥ್ಯಾಂಕ್ಸ್ ಹೇಳಲು ಕರೆ ಮಾಡಿದ್ದೂ ಆ ಹಳೇ ನಂಬರಿಗೇ ಅಲ್ವಾ?

ಹರಕೆಯ ಕುರಿ

ಲೋಕಸಭೆ ಚುನಾವಣೆ ಬಂತು. ನಮ್ಮ ರಾಜ್ಯದ 28 ಕ್ಷೇತ್ರಗಳಲ್ಲಿ ಪ್ರತಿ ಪಕ್ಷಕ್ಕೂ ‘ಇಲ್ಲಿ ಏನು ಮಾಡಿದರೂ ಆಗಲ್ಲ’ ಎಂಬ ಕೆಲವು ಕ್ಷೇತ್ರ ಇರುತ್ತವೆ. ಮೇಡಂ ಪಕ್ಷಕ್ಕೆ ಅವರ ಜಿಲ್ಲೆಯದು ಅಂಥದ್ದು. ಅಲ್ಲಿ ನಿಲ್ಲಲು ಗಂಡಸರು ಯಾರೂ ಮುಂದೆ ಬರಲಿಲ್ಲ. ಮಹಿಳೆಗೆ ಅವಕಾಶ ಕೊಟ್ಟೆವು ಎಂದು ಹೇಳಿಕೊಳ್ಳಲೂ ಆಗುತ್ತದೆ. ಬೆಂಗಳೂರಿಂದ ಕರೆ ಬಂತು. ಯಾವ ನಂಬರಿಗೆ ಎಂದು ಹೇಳಬೇಕಾಗಿಲ್ಲ. ಯಜಮಾನರು ‘ಆಯ್ತಣ್ಣ, ನಿಲ್ಲಿಸ್ತೀವಿ’ ಎಂದು ಒಪ್ಪಿಕೊಂಡೂಬಿಟ್ಟರು.

ನಾನು ನಿವೃತ್ತನಾಗಿ ಆರು ತಿಂಗಳಾಗಿತ್ತು. ಮೇಡಂ ಮನೆಗೆ ಕರೆಸಿದರು. “ಸೋಲೋದು ಗ್ಯಾರಂಟಿ. ನಿಲ್ಲಲೋ ಬೇಡವೋ?” ಎಂದರು. ನನಗಿಂತ ಮೊದಲು ಅವರ ಮಗಳು ಉತ್ತರ ಕೊಟ್ಟಳು. ಡಿಗ್ರಿ ಓದುತ್ತಿದ್ದ ಹುಡುಗಿ. “ನಿಲ್ಲಮ್ಮ. ಆದ್ರೆ ಈ ಸಲ ನೀನೇ ನಿಲ್ಲು.”

ಮೇಡಂ ಬಸ್ಸು ಹತ್ತಿ ಒಬ್ಬರೇ ಬೆಂಗಳೂರಿಗೆ ಹೋದರು. ಪಕ್ಷದ ಕಚೇರಿಯಲ್ಲಿ ಮೂರು ಗಂಟೆ ಕಾದರು. ಮೂರು ವಿಷಯ ಹೇಳಿ ಬಂದರು. ಪ್ರಚಾರದ ಎಲ್ಲ ಕಾಗದದಲ್ಲೂ ತನ್ನ ನಂಬರೇ ಇರಬೇಕು. ಚುನಾವಣಾ ಏಜೆಂಟ್ ಯಾರೆಂದು ತಾನೇ ಹೇಳುತ್ತೇನೆ. ಪಕ್ಷ ಕೊಡುವ ದುಡ್ಡು ತನ್ನ ಚುನಾವಣಾ ಖಾತೆಗೇ ಬರಬೇಕು, ಕೈಯಿಂದ ಕೈಗೆ ಬೇಡ. ಕೊನೆಯದಕ್ಕೆ ಯಾರೂ ಇಲ್ಲ ಎನ್ನುವ ಹಾಗಿರಲಿಲ್ಲ. ನಾಮಪತ್ರಕ್ಕೆ ಮೊದಲು ಅಭ್ಯರ್ಥಿ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕೆಂದು ಆಯೋಗದ ನಿಯಮವೇ ಇದೆ. ಸೋಲುವ ಕ್ಷೇತ್ರವಾದ್ದರಿಂದ ಉಳಿದವಕ್ಕೂ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಗೆಲ್ಲುವ ಕ್ಷೇತ್ರವಾಗಿದ್ದರೆ ಈ ಷರತ್ತುಗಳಿಗೆ ಒಪ್ಪುತ್ತಿದ್ದರಾ? ನನಗೆ ಅನುಮಾನ.

ಯಜಮಾನರು ಒಂದು ವಾರ ಮಾತು ಬಿಟ್ಟರು. ಆಮೇಲೆ ತಾವೇ ಹಳೇ ಫೋನು ತಂದು ಮೇಜಿನ ಮೇಲಿಟ್ಟರಂತೆ. ‘ಇದರಲ್ಲಿ ಎಲ್ಲರ ನಂಬರೂ ಇದೆ, ಇಟ್ಕೋ.’ ಅವರ ಮನಸ್ಸಿನಲ್ಲಿ ಏನಿತ್ತೋ ಗೊತ್ತಿಲ್ಲ. ಸೋಲುವ ಚುನಾವಣೆ ತಾನೇ ಎಂದಿರಬಹುದು. ಸುಸ್ತಾಗಿದ್ದಿರಬಹುದು. ಹೆಂಡತಿಯ ಮೇಲೆ ಅಭಿಮಾನವೂ ಇದ್ದಿರಬಹುದು, ಯಾಕಿರಬಾರದು?

ಪ್ರಚಾರದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಸಾಮಾನ್ಯವಾಗಿ 40,000 ಜನಕ್ಕೆ ಒಬ್ಬರಂತೆ ಇದ್ದ ಜಿಲ್ಲಾ ಪಂಚಾಯಿತಿ ಕ್ಷೇತ್ರ ಎಲ್ಲಿ, ಎಂಟು ವಿಧಾನಸಭಾ ಕ್ಷೇತ್ರ ಸೇರಿದ ಲೋಕಸಭೆ ಎಲ್ಲಿ. ಸುಮಾರು ಎರಡು ಸಾವಿರ ಮತಗಟ್ಟೆ. ಎಲ್ಲ ಊರಿಗೆ ಹೋಗುವುದು ಆಗದ ಮಾತು. ಪಕ್ಷದ ಸ್ಥಳೀಯ ಮುಖಂಡರು ಅರ್ಧ ಮನಸ್ಸಿನಿಂದ ಬಂದರು. ಆ ಹಿರಿಯ ಸದಸ್ಯೆಯ ತಾಲ್ಲೂಕಿನಲ್ಲಂತೂ ಸ್ವಾಗತಕ್ಕೆ ಹನ್ನೆರಡು ಜನ ಇದ್ದರು. ನಾನು ಖರ್ಚಿನ ಲೆಕ್ಕ ಬರೆಯಲು ಕೂತೆ. ದಿನದಿನದ ರಿಜಿಸ್ಟರು, ವೀಕ್ಷಕರ ಮುಂದೆ ತಪಾಸಣೆ, ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಒಪ್ಪಿಸುವುದು. ಆ ಕೆಲಸದ ನಡುವೆ ನಾನು ಕಂಡದ್ದು ಒಂದೇ. ಬೆಳಗ್ಗೆ ಐದೂವರೆಯಿಂದ ಫೋನು ಹೊಡೆದುಕೊಳ್ಳುತ್ತಿತ್ತು, ಮೇಡಂ ತಾವೇ ಎತ್ತುತ್ತಿದ್ದರು. ಕಾರಿನಲ್ಲಿ ಹೋಗುವಾಗ ಮಗಳು ಪಕ್ಕದಲ್ಲಿ ಕೂತು ಯಾರು, ಎಲ್ಲಿಯವರು, ಏನು ವಿಷಯ ಎಂದು ಅದೇ ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಹಳೇ ನಂಬರಿಗೆ ಮಾಡಿದ ಎಷ್ಟೋ ಗಂಡಸರು ಹೆಣ್ಣಿನ ದನಿ ಕೇಳಿ ‘ಸಾಹೇಬ್ರಿಗೆ ಕೊಡಿ’ ಎನ್ನುತ್ತಿದ್ದರು. ಮೇಡಂ, “ಸಾಹೇಬ್ರು ಗದ್ದೆಗೆ ಹೋಗಿದಾರೆ, ನಂಗೆ ಹೇಳಿ” ಎನ್ನುತ್ತಿದ್ದರು.

ಸೋತರು. ದೊಡ್ಡ ಅಂತರದಲ್ಲೇ ಸೋತರು. ಆದರೆ ಠೇವಣಿ ಉಳಿಯಿತು. ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬಂದರೆ ಮಾತ್ರ ಅದು ಉಳಿಯುವುದು. ಆ ಕ್ಷೇತ್ರದಲ್ಲಿ ಹಿಂದಿನ ಸಲ ಇದೇ ಪಕ್ಷದಿಂದ ನಿಂತ ಗಂಡಸಿನದು ಹೋಗಿತ್ತು. ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ತಮ್ಮ ಊರಿರುವ ಒಂದರಲ್ಲಿ ಮೇಡಂಗೆ ಮುನ್ನಡೆ ಬಂದಿತ್ತು. ಆ ಹಿರಿಯ ಸದಸ್ಯೆಯ ತಾಲ್ಲೂಕಿನಲ್ಲಿ ಅತಿ ಕಡಿಮೆ.

ಸೋತ ಮೇಲೆ

ಸೋತ ಅಭ್ಯರ್ಥಿ ಮರುದಿನವೇ ಮಾಯವಾಗುವುದು ವಾಡಿಕೆ. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಎದುರು ಸೋತ ಸುಷ್ಮಾ ಸ್ವರಾಜ್ ಅದಾದ ಮೇಲೂ ಎಷ್ಟೋ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬರುತ್ತಿದ್ದರು. ಜನ ಇವತ್ತಿಗೂ ಅದನ್ನು ನೆನೆಯುತ್ತಾರೆ. ಮೇಡಂಗೆ ಅದು ನೆನಪಿತ್ತೋ ಇಲ್ಲವೋ, ಅವರೂ ಹಾಗೇ ಮಾಡಿದರು. ಫಲಿತಾಂಶ ಬಂದ ಮೂರನೇ ದಿನ ಮೊದಲು ಹೋದದ್ದು ಆ ಹಿರಿಯ ಸದಸ್ಯೆಯ ಮನೆಗೆ. ವರ್ಷಗಳ ಹಿಂದೆ ಹೋಗಬೇಕಾಗಿದ್ದ ಮನೆ. ಬಾಗಿಲಲ್ಲಿ ನಿಂತು ಏನು ಮಾತಾಡಿದರು ಎಂದು ನನಗೆ ಹೇಳಲಿಲ್ಲ. ನಾನು ಕಾರಿನಲ್ಲಿ ಕೂತಿದ್ದೆ. ಅರ್ಧ ಗಂಟೆ ಆದ ಮೇಲೆ ಒಳಗಿಂದ ನನಗೂ ಕಾಫಿ ಬಂತು.

ಆಮೇಲೆ ಅವರ ಪಕ್ಷದ ಸರ್ಕಾರ ಇದ್ದಾಗ ಒಂದು ನಿಗಮದ ಅಧ್ಯಕ್ಷ ಸ್ಥಾನ ಸಿಕ್ಕಿತು. ಅದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಕಾರು, ಕೋಣೆ, ಸಹಿ. ಆದರೆ ಆದೇಶ ಪತ್ರದ ವಿಷಯ ತಿಳಿಸಲು ಮುಖ್ಯಮಂತ್ರಿ ಕಚೇರಿಯಿಂದ ಕರೆ ಬಂದದ್ದು ಮೇಡಂ ನಂಬರಿಗೆ. ಯಜಮಾನರಿಗೆ ಗೊತ್ತಾದದ್ದು ಸಂಜೆ.

ಈಗ ನಾನು ಆಗಾಗ ಗ್ರಾಮ ಪಂಚಾಯಿತಿ ಸದಸ್ಯೆಯರ ತರಬೇತಿಗೆ ಹೋಗುತ್ತೇನೆ. ಕಾಯ್ದೆ, ಅನುದಾನ, ಸಭೆ ನಡಾವಳಿ ಎಲ್ಲ ಇರುತ್ತದೆ, ಅದನ್ನು ಬೇರೆಯವರು ಚೆನ್ನಾಗಿ ಹೇಳುತ್ತಾರೆ. ನಾನು ಮಾಡುವುದು ಒಂದು ಸಣ್ಣ ಆಟ. ಹಾಜರಾತಿ ಪಟ್ಟಿಯಲ್ಲಿ ಬರೆದಿರುವ ನಂಬರುಗಳಿಗೆ ಎಲ್ಲರ ಎದುರಿಗೇ ಕರೆ ಮಾಡುತ್ತೇನೆ. ಕೋಣೆಯೊಳಗೆ ರಿಂಗಾಗುವುದು ಕೆಲವೇ. ಉಳಿದವು ಎಲ್ಲೋ ಊರಲ್ಲಿ, ಟ್ರ್ಯಾಕ್ಟರ್ ಮೇಲೆ, ಅಂಗಡಿಯಲ್ಲಿ ರಿಂಗಾಗುತ್ತವೆ. ಗಂಡಸಿನ ದನಿ ‘ಹಲೋ’ ಎನ್ನುತ್ತದೆ. ಎಲ್ಲರೂ ನಗುತ್ತಾರೆ. ನಕ್ಕು ಮುಗಿದ ಮೇಲೆ ಮೇಡಂ ಕತೆ ಶುರು ಮಾಡುತ್ತೇನೆ. ‘ಕುರ್ಚಿ ತೆಗೆಸಿದ್ದೇನೋ ಸರಿ, ಆದರೆ ಫೋನು ಬಿಟ್ಟಿದ್ದಕ್ಕೆ ಏನು ಬೆಲೆ ತೆತ್ತರು ನೋಡಿ’ ಎಂದು. ಯಾರೋ ಒಬ್ಬಳು ಪ್ರತಿ ಸಲ ಕೇಳುತ್ತಾಳೆ, ‘ಮನೆಯಲ್ಲಿ ಜಗಳ ಆಗಲ್ವಾ ಸಾರ್?’ ಆಗುತ್ತದೆ. ಮೊದಲ ತಿಂಗಳೇ ಆದರೆ ಸಣ್ಣ ಜಗಳ. ಹತ್ತನೇ ತಿಂಗಳಲ್ಲಿ ಆದರೆ ಪತ್ರಿಕೆಯಲ್ಲಿ ಬರುತ್ತದೆ.

2023ರಲ್ಲಿ ಸಂವಿಧಾನದ 106ನೇ ತಿದ್ದುಪಡಿ ಬಂತು. ಲೋಕಸಭೆಯಲ್ಲಿ, ವಿಧಾನಸಭೆಯಲ್ಲಿ ಮೂರನೇ ಒಂದು ಪಾಲು ಸ್ಥಾನ ಮಹಿಳೆಗೆ. ಜನಗಣತಿ ಆಗಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಜಾರಿ ಎಂಬ ಷರತ್ತೂ ಅದರ ಜೊತೆಗೇ ಬಂತು. ಮೇಡಂ ಆ ಸುದ್ದಿ ಓದಿ ನಕ್ಕರು. ಅಷ್ಟು ಹೊತ್ತಿಗೆ ಜಿಲ್ಲಾ ಪಂಚಾಯಿತಿಯ ಕತೆಯೇ ಬೇರೆ ಆಗಿತ್ತು. 2016ರಲ್ಲಿ ಗೆದ್ದವರ ಅವಧಿ 2021ಕ್ಕೆ ಮುಗಿಯಿತು, ಆಮೇಲೆ ಚುನಾವಣೆಯೇ ಇಲ್ಲದೆ ವರ್ಷಗಳು ಉರುಳಿದವು. ಅಧ್ಯಕ್ಷರ ಕೊಠಡಿಗೆ ಬೀಗ.

ಈ ಬರಹಕ್ಕೆ ಒಪ್ಪಿಗೆ ಕೇಳಲು ಬೇಸಿಗೆಯಲ್ಲಿ ಮೇಡಂಗೆ ಫೋನು ಮಾಡಿದೆ. ಮೂರು ಸಲವೂ ಬ್ಯುಸಿ ಬಂತು. ಸಂಜೆ ಅವರೇ ಮಾಡಿದರು.

“ಯಾರ ಜೊತೆ ಇಷ್ಟೊತ್ತು ಮೇಡಂ?”

“ನೀರಿಂದು. ಎರಡು ಊರಿಂದ. ಅಧ್ಯಕ್ಷರಿಲ್ಲ, ಸದಸ್ಯರಿಲ್ಲ, ಯಾರಿಗೆ ಮಾಡ್ತಾರೆ ಪಾಪ, ಹಳೇ ನಂಬರಿಗೇ ಮಾಡ್ತಾರೆ. ನೀವು ತಾಳಿ, ಇನ್ನೊಂದು ಬರ್ತಿದೆ.”